ಲಂಗರು, ಸರಪಳಿ ಮತ್ತು ಒಂದು ಸಣ್ಣ ತೂತು

ಶಿಡ್ಲಘಟ್ಟದಲ್ಲಿ ಸಮುದ್ರವಿಲ್ಲ. ವರ್ಷವಿಡೀ ಹರಿಯುವ ಹೊಳೆಯೂ ನಮ್ಮ ಜಿಲ್ಲೆಯಲ್ಲಿಲ್ಲ. ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ಹೋಗಿ ನೋಡಿಕೊಂಡು ಬರುತ್ತದೆ. ಹೀಗಿರುವಾಗ ವಾಣಿಜ್ಯ ವಿಭಾಗದ ನಾನು ಹಾಯಿದೋಣಿಯ ಲಂಗರಿನ ಬಗ್ಗೆ ಬರೆಯಲು ಕಾರಣ ನಮ್ಮ ಮಾಮು. ಅವರು ಗೌರಿಬಿದನೂರಿನವರು. ಆರು ವರ್ಷದಿಂದ ದುಬೈಯಲ್ಲಿ ಒಬ್ಬ ಶ್ರೀಮಂತರ ಹಾಯಿದೋಣಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ.

ಈ ಸಲ ರಜೆಗೆ ಬಂದಾಗ ಅವರ ಕೈಯಲ್ಲಿ ಹಣವಿರಲಿಲ್ಲ. ಮೂರು ತಿಂಗಳು ಸಂಬಳದಲ್ಲಿ ಹಿಡಿದುಕೊಂಡಿದ್ದರು. ಅಮ್ಮಿ ಯಾಕೆ ಎಂದು ಕೇಳಿದ್ದಕ್ಕೆ "ಲಂಗರ್ ಹೋಯಿತು" ಎಂದರು. ನಾನಿಗೆ ಲಂಗರ್ ಎಂದರೆ ಮುರುಗಮಲ್ಲದ ದರ್ಗಾದಲ್ಲಿ ಉರುಸ್ ಸಮಯದಲ್ಲಿ ಬಡಿಸುವ ಊಟ. "ಅಯ್ಯೋ, ಊಟವೂ ಹಾಕಲಿಲ್ಲವಾ ಅವರು?" ಎಂದುಬಿಟ್ಟರು. ನಾವೆಲ್ಲ ನಕ್ಕೆವು, ಮಾಮು ನಗಲಿಲ್ಲ. ಆ ಹಣದಲ್ಲಿ ನನ್ನ ದ್ವಿತೀಯ ಪಿಯುಸಿ ಫೀಸೂ ಸೇರಿತ್ತು. ಅಂದಹಾಗೆ, ಕನ್ನಡದ ಲಂಗರು, ಉರ್ದುವಿನ ಲಂಗರ್ ಎರಡೂ ಪಾರಸಿಯಿಂದ ಬಂದ ಒಂದೇ ಪದ.

ಭಾರ ಇರುವುದರಿಂದ ಲಂಗರು ದೋಣಿಯನ್ನು ಹಿಡಿದಿಡುತ್ತದೆ ಎಂದು ನಾನು ತಿಳಿದಿದ್ದೆ. ಅದು ತಪ್ಪು. 20 ಕೆ.ಜಿ. ಲಂಗರು ಹತ್ತಾರು ಟನ್ ತೂಗುವ ದೋಣಿಯನ್ನು ಬರೀ ಭಾರದಿಂದ ಹೇಗೆ ನಿಲ್ಲಿಸೀತು? ಅದು ನೇಗಿಲಿನಂತೆ ತಳದ ಮಣ್ಣಿಗೆ ಇಳಿದು ಕಚ್ಚಿಕೊಳ್ಳುತ್ತದೆ. 1933ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಿ. ಐ. ಟೇಲರ್ ರೂಪಿಸಿದ ಲಂಗರಿಗೆ ನೇಗಿಲಿನದೇ ಆಕಾರವಿದೆ. ಉಳುವಾಗ ಗುಳ ಮಣ್ಣಿನಲ್ಲಿ ನಿಲ್ಲಬೇಕಾದರೆ ಎಳೆತ ಮುಂದಕ್ಕೆ ಇರಬೇಕು, ಮೇಲಕ್ಕೆತ್ತಿದರೆ ಎದ್ದು ಬರುತ್ತದೆ. ಲಂಗರೂ ಹಾಗೆಯೇ. ಎಳೆತ ನೆಲಕ್ಕೆ ಸಮನಾಗಿರಲಿ ಎಂದೇ ಆಳಕ್ಕಿಂತ ಎಷ್ಟೋ ಪಟ್ಟು ಉದ್ದದ ಸರಪಳಿ ಬಿಡುತ್ತಾರೆ. ಪೂರ್ತಿ ಸರಪಳಿಯಾದರೆ ಆಳದ 5 ಪಟ್ಟು, ಹಗ್ಗವಾದರೆ 7 ಪಟ್ಟು ಎಂಬುದು ರೂಢಿ. ಗಾಳಿ ಜೋರಾದರೆ ಇನ್ನೂ ಹೆಚ್ಚು.

ಇಲ್ಲಿ ಲೆಕ್ಕ ತಪ್ಪುವವರೇ ಜಾಸ್ತಿಯಂತೆ. ನೀರಿನ ಆಳ 6 ಮೀಟರ್ ಎಂದುಕೊಳ್ಳಿ. 6 ಗುಣಿಸು 5, ಅಂದರೆ 30 ಮೀಟರ್ ಸಾಕು ಅನ್ನಿಸುತ್ತದೆ. ಆದರೆ ಸರಪಳಿ ಹೊರಡುವುದು ನೀರಿನ ಮಟ್ಟದಿಂದಲ್ಲ, ಅದಕ್ಕಿಂತ ಒಂದು ಮೀಟರ್ ಎತ್ತರದಲ್ಲಿರುವ ದೋಣಿಯ ಮೂತಿಯಿಂದ. ಉಬ್ಬರ ಬಂದಾಗ ನೀರು ಇನ್ನಷ್ಟು ಏರುತ್ತದೆ. ಅದು ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ ನಿಜವಾದ ಆಳ 8.5 ಮೀಟರ್, ಬೇಕಾದ ಸರಪಳಿ 42.5 ಮೀಟರ್. 30 ಮೀಟರಿಗೇ ನಿಲ್ಲಿಸಿದವರ ದೋಣಿ ನಡುರಾತ್ರಿ ಉಬ್ಬರದಲ್ಲಿ ಜಾರಲು ಶುರುವಾಗುತ್ತದೆ. ಅಂತಿಮ ಲೆಕ್ಕಪತ್ರದಲ್ಲಿ ಹೊಂದಾಣಿಕೆಗಳನ್ನು ಬಿಟ್ಟು ಆಸ್ತಿ ಹೊಣೆ ಪಟ್ಟಿ ತಾಳೆಯಾಗಲಿಲ್ಲ ಎಂದು ಅಳುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ.

ಲಂಗರು ಹಾಕುವಾಗ ದೋಣಿಯ ಮೂತಿ ಗಾಳಿಗೆ ಎದುರಾಗಿರಬೇಕು. ಲಂಗರು ತಳ ಮುಟ್ಟಿದ ಮೇಲೆ ದೋಣಿಯನ್ನು ನಿಧಾನವಾಗಿ ಹಿಂದಕ್ಕೆ ಬಿಡುತ್ತಾ ಸರಪಳಿ ಸಡಿಲಿಸಬೇಕು, ಒಂದೇ ಸಲ ಸುರಿದರೆ ಲಂಗರಿನ ಮೇಲೇ ರಾಶಿ ಬಿದ್ದು ಸುತ್ತಿಕೊಳ್ಳುತ್ತದೆ. ಎಷ್ಟು ಬಿಟ್ಟಿದ್ದೇವೆ ಎಂದು ತಿಳಿಯಲು ಹತ್ತು ಮೀಟರಿಗೊಮ್ಮೆ ಬಣ್ಣ ಬಳಿದಿರುತ್ತಾರೆ. ಕೊನೆಗೆ ಇಂಜಿನ್ನನ್ನು ಹಿಂದಕ್ಕೆ ಓಡಿಸಿ ಲಂಗರು ಕಚ್ಚಿದೆಯೇ ಎಂದು ನೋಡಬೇಕು. ದಡದ ಮೇಲಿನ ಎರಡು ಗುರುತು, ಒಂದು ಮಿನಾರ್ ಮತ್ತು ಅದರ ಹಿಂದಿನ ಕಟ್ಟಡ ಅನ್ನಿ, ಒಂದೇ ಗೆರೆಯಲ್ಲಿ ಉಳಿದರೆ ದೋಣಿ ನಿಂತಿದೆ ಎಂದು ಅರ್ಥ.

ಮಾಮು ಇಷ್ಟನ್ನೂ ಸರಿಯಾಗಿಯೇ ಮಾಡುತ್ತಿದ್ದರು. ಅವರು ಗಮನಿಸದೇ ಹೋದದ್ದು ಸರಪಳಿ ಮಲಗುವ ಜಾಗವನ್ನು.

ದೋಣಿಯ ಮೂತಿಯೊಳಗೆ ಒಂದು ಕಿರಿದಾದ ಗೂಡಿರುತ್ತದೆ. ನಮ್ಮೂರಲ್ಲಿ ಗೂಡು ಎಂದರೆ ರೇಷ್ಮೆ ಗೂಡೇ ಆದ್ದರಿಂದ ನಾನು ಅದನ್ನು ಸರಪಳಿ ಪೆಟ್ಟಿಗೆ ಎನ್ನುತ್ತೇನೆ. ಮೇಲೆಳೆದ ಸರಪಳಿ ಅದರೊಳಗೆ ಬೀಳುತ್ತದೆ, ಜೊತೆಗೆ ಉಪ್ಪುನೀರು, ಕೆಸರು, ಚಿಪ್ಪಿನ ಚೂರು. ಆ ನೀರು ಹೊರಹೋಗಲು ಪೆಟ್ಟಿಗೆಯ ತಳದಲ್ಲಿ, ಹೊರಗಿನ ನೀರಿನ ಮಟ್ಟಕ್ಕಿಂತ ಮೇಲೆ, ಹೆಬ್ಬೆರಳು ಗಾತ್ರದ ತೂತು ಇರುತ್ತದೆ. ಅದು ಮುಚ್ಚಿಕೊಂಡರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ಅಬ್ಬಾ ನೂಲು ಬಿಚ್ಚುವ ಘಟಕ ನಡೆಸುತ್ತಾರೆ. ಗೂಡು ಬೇಯಿಸಿದ ನೀರು ಹೋಗುವ ಮೋರಿಗೆ ಸತ್ತ ಹುಳ, ಎಳೆಯ ಕಸ ಸಿಕ್ಕಿಕೊಂಡು ವಾರಕ್ಕೊಮ್ಮೆಯಾದರೂ ಕಟ್ಟುತ್ತದೆ. ತಂತಿ ಹಿಡಿದು ಕೂರುವ ಪಾಳಿ ನನ್ನದೇ.

ದೋಣಿಯಲ್ಲಿ ಇದು ಬರೀ ವಾಸನೆಯ ತೊಂದರೆಯಲ್ಲ. 300 ಲೀಟರ್ ನೀರು ನಿಂತರೆ ಮೂತಿಯ ಮೇಲೆ 300 ಕೆ.ಜಿ. ಭಾರ. ಮೂತಿ ತಗ್ಗುತ್ತದೆ. ತಗ್ಗಿದರೆ ಆ ತೂತೇ ಸಮುದ್ರದ ಮಟ್ಟಕ್ಕೆ ಇಳಿಯುತ್ತದೆ. ಆಮೇಲೆ ತಂತಿ ಹಾಕಿ ತೆರೆದರೂ ನೀರು ಹೊರಗೆ ಹೋಗುವ ಬದಲು ಒಳಗೆ ಬರಬಹುದು. ಮೊದಲು ಬಕೆಟ್ಟಿನಲ್ಲಿ ಮೊಗೆದು ದೋಣಿಯನ್ನು ಹಗುರ ಮಾಡಿ, ನಂತರ ತೂತಿಗೆ ಕೈ ಹಾಕಬೇಕು.

ಮಾಮುವಿನ ದೋಣಿಯಲ್ಲಿ ಪೂರ್ತಿ ತುಂಬಿರಲಿಲ್ಲ. ಎರಡು ಗೇಣು ನೀರು ತಿಂಗಳುಗಟ್ಟಲೆ ನಿಂತಿತ್ತು, ಅದರ ಮೇಲೆ ಸರಪಳಿಯ ರಾಶಿ ಇದ್ದುದರಿಂದ ಯಾರಿಗೂ ಕಾಣಲಿಲ್ಲ. ಸರಪಳಿಯ ಒಳತುದಿಯನ್ನು ಕಟ್ಟಿದ್ದ ಕಬ್ಬಿಣದ ಬಳೆ ಆ ನೀರಿನಲ್ಲೇ ಮುಳುಗಿ ತುಕ್ಕು ತಿಂದಿತ್ತು. ಒಂದು ಸಂಜೆ ಸರಪಳಿ ಇಳಿಸುವ ಯಂತ್ರದ ಬ್ರೇಕ್ ಜಾರಿತು. 60 ಮೀಟರ್ ಸರಪಳಿ ಸದ್ದು ಮಾಡುತ್ತಾ ಓಡಿತು, ಕೊನೆಯ ಎಳೆತಕ್ಕೆ ಬಳೆ ಕಿತ್ತು ಬಂತು. 10 ಮಿ.ಮೀ. ದಪ್ಪದ ಸರಪಳಿ ಮೀಟರಿಗೆ 2 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಅಷ್ಟೂ ಕಬ್ಬಿಣ, ಲಂಗರಿನ ಸಮೇತ, ಕೆಸರಿನ ತಳಕ್ಕೆ ಹೋಯಿತು. ಮುಳುಗುಗಾರರಿಗೂ ಸಿಗಲಿಲ್ಲ.

ವಿಮೆ ಇರಲಿಲ್ಲವೇ ಎಂದು ನಾನು ದೊಡ್ಡದಾಗಿ ಕೇಳಿದೆ. ಇತ್ತು. ತುಕ್ಕು ಹಿಡಿದು ಹೋದದ್ದಕ್ಕೆ ಕೊಡುವುದಿಲ್ಲ ಎಂದರಂತೆ. ನಮ್ಮ ದೇಶದ 1963ರ ಸಾಗರ ವಿಮಾ ಕಾಯ್ದೆಯ 55ನೇ ಕಲಮಿನಲ್ಲೂ, ಒಪ್ಪಂದದಲ್ಲಿ ಬೇರೆ ಹೇಳದ ಹೊರತು, ಸಾಮಾನ್ಯ ಸವೆತಕ್ಕೆ ವಿಮಾದಾರ ಹೊಣೆಯಲ್ಲ ಎಂದಿದೆ. ಅಲೆ ಹೊಡೆದು ಮುರಿದರೆ ಅದು ಸಮುದ್ರದ ಅಪಾಯ, ನೀರು ನಿಂತು ಕೊಳೆತರೆ ಅದು ನಮ್ಮ ಅಜಾಗರೂಕತೆ. ಮಾಲೀಕರು ಅದನ್ನು ಮಾಮುವಿನ ಲೆಕ್ಕಕ್ಕೆ ಬರೆದರು. ಪೂರ್ತಿ ಮೂರು ತಿಂಗಳು ಹಿಡಿದದ್ದು ನ್ಯಾಯವೇ ಎಂಬುದರಲ್ಲಿ ನನಗೂ ಅಬ್ಬಾಗೂ ಇನ್ನೂ ಒಮ್ಮತವಿಲ್ಲ.

ಇಂಥದ್ದೆಲ್ಲ ಗಲ್ಫಿನ ಶ್ರೀಮಂತರ ದೋಣಿಗೆ ಮಾತ್ರ ಎಂದುಕೊಳ್ಳಬೇಡಿ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳಿಗೂ, ಮಲ್ಪೆಯ ಮೀನು ದೋಣಿಗಳಿಗೂ ಲಂಗರು ಬೇಕೇ ಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕೋರಮಂಡಲ್ ಸಪೋರ್ಟರ್ 9 ಎಂಬ ಟಗ್ ಮೂಲ್ಕಿ ಬಳಿಯ ಬಂಡೆಗಳಿಗೆ ಸಿಕ್ಕಿಕೊಂಡಿತು. ಯಂತ್ರದ ಕೋಣೆಗೆ ನೀರು ನುಗ್ಗಿ ಇಂಜಿನ್, ವಿದ್ಯುತ್ ಎರಡೂ ನಿಂತವು. ಒಳಗಿದ್ದ 9 ಜನರಲ್ಲಿ ಐವರನ್ನು ಕರಾವಳಿ ಕಾವಲು ಪಡೆಯ ವರಾಹ ಹಡಗು, ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್ ಮೇ 17ರಂದು ಪಾರು ಮಾಡಿದವು.

ಮಾಮು ಈಗ ಲಂಗರು ಎತ್ತುವಾಗಲೇ ಪೈಪಿನಿಂದ ಸರಪಳಿ ತೊಳೆಯುತ್ತಾರೆ. ಪೆಟ್ಟಿಗೆಯ ತಳಕ್ಕೆ ಮರದ ಪಟ್ಟಿಗಳ ಜಾಲರಿ ಹಾಕಿ ಸರಪಳಿ ತೂತಿನ ಮೇಲೆ ಕೂರದಂತೆ ಮಾಡಿದ್ದಾರೆ. ಬಳೆಯನ್ನು ಪೆಟ್ಟಿಗೆಯ ಮೇಲ್ಭಾಗಕ್ಕೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕೂರಿಸಿದ್ದಾರೆ. ಸರಪಳಿಯನ್ನು ಅದಕ್ಕೆ ನೇರವಾಗಿ ಬಿಗಿದಿಲ್ಲ, ನಡುವೆ ಗಟ್ಟಿ ನೈಲಾನ್ ಹಗ್ಗವಿದೆ. ದೊಡ್ಡ ಹಡಗು ಮೈಮೇಲೆ ಬಂದು ಲಂಗರು ಬಿಟ್ಟು ಓಡಬೇಕಾದರೆ ಚಾಕುವಿನಿಂದ ಕತ್ತರಿಸಲು ಬರುವಷ್ಟು ಉದ್ದವಿದೆ. ತೂತಿಗೆ ಪ್ರತಿ ಶುಕ್ರವಾರ ಬೆಳಿಗ್ಗೆ ತಂತಿ ಹಾಕಿ, ನೀರು ಹೊರಗೆ ಬೀಳುವ ವಿಡಿಯೊ ತೆಗೆದು ಮಾಲೀಕರಿಗೂ ನನಗೂ ಕಳಿಸುತ್ತಾರೆ. ನನ್ನ ಫೀಸನ್ನು ಎರಡು ಕಂತಿನಲ್ಲಿ ಕಟ್ಟುತ್ತಿದ್ದೇವೆ.