ಬಲಮೆದುಳು ಸುಮ್ಮನಿದ್ದರೆ ಮಾತು ಬಂದೀತೆ?

ಲಕ್ವ ಹೊಡೆದು ತಂದೆಯ ಮಾತು ನಿಂತಿದೆ. ದೆಹಲಿಯ ಏಮ್ಸ್‌ನಲ್ಲಿ ಹಾಡಿಸಿ ಮಾತು ತರಿಸುತ್ತಾರಂತೆ, ಇನ್ನು ಕೆಲವೆಡೆ ತಲೆಗೆ ಅಯಸ್ಕಾಂತ ಹಿಡಿಯುತ್ತಾರಂತೆ, ನಿಜವೇ ಎಂದು ದ್ವಾರಕಾದ ಕನ್ನಡಿಗರೊಬ್ಬರು ಕೇಳಿದ್ದಾರೆ. ಎರಡೂ ನಿಜ. ಸೋಜಿಗವೆಂದರೆ, ಎರಡರ ತರ್ಕವೂ ಒಂದಕ್ಕೊಂದು ವಿರುದ್ಧ!

ಬಹುಪಾಲು ಜನರಲ್ಲಿ ಮಾತಿನ ನೆಲೆ ಎಡಮೆದುಳು. ಪ್ಯಾರಿಸ್‌ನ ಪಾಲ್ ಬ್ರೋಕಾ 1861ರಲ್ಲೇ ಇದರ ಸುಳಿವು ಹಿಡಿದಿದ್ದ. ಅಲ್ಲಿ ರಕ್ತ ಹರಿಯದೆ ಕೋಶಗಳು ಸತ್ತರೆ ಅಫೇಸಿಯಾ. ಬುದ್ಧಿ ಹೋಗಿರುವುದಿಲ್ಲ, ಪದ ಸಿಗುವುದಿಲ್ಲ. ಲಕ್ವ ಹೊಡೆದವರ ಮೈಗೆ ಪಾರಿವಾಳದ ರಕ್ತ ಹಚ್ಚುವವರು ಈಗಲೂ ಇದ್ದಾರೆ. ಹಕ್ಕಿಯ ಜೀವ ಹೋಗುತ್ತದೆ, ಹೆಪ್ಪು ಕರಗಿಸುವ ಚುಚ್ಚುಮದ್ದಿಗಿರುವ ನಾಲ್ಕೂವರೆ ಗಂಟೆಯೂ ಹೋಗುತ್ತದೆ. ದಯವಿಟ್ಟು ನಿಲ್ಲಿಸಿ.

ಹೀಗೆ ಪದ ಸಿಗದೆ ಮೊಮ್ಮಗನ ಹೆಸರೂ ಹೇಳಲಾಗದ ಅಜ್ಜಿಯೊಬ್ಬರು ದೇವರನಾಮವನ್ನು ಪೂರ್ತಿ ಹಾಡಿದ್ದನ್ನು ನಾನೇ ಕೇಳಿದ್ದೇನೆ. ಹಾಡಿಗೆ ಬಲಮೆದುಳಿನ ಆಸರೆ ದೊಡ್ಡದು. ಏಮ್ಸ್ ವೈದ್ಯರು ಐಐಟಿ ದೆಹಲಿಯ ಜೊತೆಗೂಡಿ ಪರಿಚಿತ ಭಾರತೀಯ ಧಾಟಿಗಳಲ್ಲಿ ಪದ ಕೂಡಿಸಲು ಹೊರಟಿರುವುದು ಇದನ್ನೇ ನಂಬಿ.

ಅಯಸ್ಕಾಂತದ ಕಥೆ ಬೇರೆ. 1985ರಲ್ಲಿ ಶೆಫೀಲ್ಡ್‌ನ ಆಂಥನಿ ಬಾರ್ಕರ್ ರೂಪಿಸಿದ ತಂತಿಸುರುಳಿಯ ಕಾಂತಮಿಡಿತ ತಲೆಬುರುಡೆ ದಾಟಿ ನರಕೋಶಗಳಲ್ಲಿ ಪುಟ್ಟ ವಿದ್ಯುತ್ ಹರಿಸುತ್ತದೆ. ಸೆಕೆಂಡಿಗೊಂದರಂತೆ ನಿಧಾನವಾಗಿ ಮಿಡಿದರೆ ಆ ಜಾಗ ತಣ್ಣಗಾಗುತ್ತದೆ. ಬಾಸ್ಟನ್‌ನ ಮಾರ್ಗರೆಟ್ ನೇಸರ್ ತಂಡ 2005ರಲ್ಲಿ ತಣ್ಣಗಾಗಿಸಿದ್ದು ಪೆಟ್ಟು ಬಿದ್ದ ಎಡವನ್ನಲ್ಲ, ನೆಟ್ಟಗಿದ್ದ ಬಲದ ಒಂದು ತುಣುಕನ್ನು! ದಿನಕ್ಕೆ 20 ನಿಮಿಷ, ಹತ್ತು ಸರದಿ. ಲಕ್ವ ಹೊಡೆದು 5ರಿಂದ 11 ವರ್ಷ ಕಳೆದಿದ್ದ ನಾಲ್ವರು ಚಿತ್ರ ನೋಡಿ ಹೆಸರು ಹೇಳುವುದರಲ್ಲಿ ಸುಧಾರಿಸಿದರು. ರೋಗಿಯನ್ನು ಕೇಳಿದ ಪ್ರಶ್ನೆಗೆಲ್ಲ ಪಕ್ಕದಲ್ಲಿ ಕೂತ ಅಣ್ಣನೇ ಉತ್ತರ ಕೊಟ್ಟಂತೆ, ಬಲಭಾಗ ಅತಿಯಾಗಿ ದುಡಿದು ಎಡವನ್ನು ಅದುಮುತ್ತದೆ ಎಂಬುದು ಇದರ ಹಿಂದಿನ ಊಹೆ. ಆದರೆ ಅದೇ ಬಲದಲ್ಲಿ, ಆ ಜಾಗಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ತುಣುಕನ್ನು ತಣ್ಣಗಾಗಿಸಿದಾಗ ಹೆಸರು ಹೇಳುವುದು ಇನ್ನೂ ಕಷ್ಟವಾಯಿತು! ಮೆದುಳಿನ ಬಗ್ಗೆ ಇದಕ್ಕಿಂತ ರೋಚಕವಾದದ್ದನ್ನು ನಾನು ಓದಿದ್ದು ಕಡಿಮೆ. ಬಲಮೆದುಳು ಒಂದೆಡೆ ಅಡ್ಡಿ, ಅದರ ಪಕ್ಕದಲ್ಲೇ ಆಸರೆ.

ಹಾಗಾಗಿ ಬಲವನ್ನು ದುಡಿಸಬೇಕೋ ತಣ್ಣಗಾಗಿಸಬೇಕೋ ಎಂಬುದಕ್ಕೆ ಉತ್ತರ ನಿಮ್ಮ ತಂದೆಯ ಸ್ಕ್ಯಾನಿನಲ್ಲಿದೆ. ಎಡಗಡೆಯ ಗಾಯ ಚಿಕ್ಕದಾದರೆ ಎಡವೇ ಚೇತರಿಸಿಕೊಳ್ಳುವುದು ಮೇಲು. ದೊಡ್ಡದಾದರೆ ಬಲವೇ ಹೊರೆ ಹೊರಬೇಕು. ಅಯಸ್ಕಾಂತದ ಚಿಕಿತ್ಸೆ ಮನೋರೋಗಕ್ಕೆ ಕೊಡುವ 'ಕರೆಂಟ್ ಶಾಕ್' ಅಲ್ಲ; ರೋಗಿ ಎಚ್ಚರವಾಗಿ ಕುರ್ಚಿಯಲ್ಲಿ ಕೂತಿರುತ್ತಾರೆ. ತಲೆಯೊಳಗೆ ಲೋಹವಿದ್ದರೆ, ಫಿಟ್ಸ್ ಬಂದಿದ್ದರೆ ಮೊದಲೇ ತಿಳಿಸಿ. ವಾಕ್ ಚಿಕಿತ್ಸೆಯನ್ನಂತೂ ಬಿಡಬೇಡಿ. ಮನೆಮಾತು ಕನ್ನಡವೆಂಬುದನ್ನೂ ಹೇಳಿ: ಕನ್ನಡದಲ್ಲೇ ಅಫೇಸಿಯಾ ಅಳೆಯುವ ಪರೀಕ್ಷೆಯನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ರೂಪಿಸಿದೆ.