ನಿಂತ ಗಾಡಿಯ ಬ್ಯಾಟರಿಗೆ ಬಿಸಿಲಿನ ಆಸರೆ



ಮೇ ತಿಂಗಳ ರಜೆಗೆ ಮಕ್ಕಳನ್ನು ಕರೆದುಕೊಂಡು ಧಾರವಾಡಕ್ಕೋ ಉಡುಪಿಗೋ ಹೋಗಿ, ತಿಂಗಳು ಕಳೆದು ಹಪ್ಪಳ-ಸಂಡಿಗೆ ಡಬ್ಬಗಳೊಂದಿಗೆ ಮುಂಬಯಿಗೆ ಮರಳುತ್ತೀರಿ. ಮರುದಿನ ಕಾರಿನ ಕೀಲಿ ತಿರುಗಿಸಿದರೆ ‘ಟಕ್ ಟಕ್’ ಸದ್ದು ಬಿಟ್ಟರೆ ಬೇರೇನಿಲ್ಲ. ಆಫೀಸಿಗೆ ತಡವಾದರೆ ಹೇಗೋ ಸುಧಾರಿಸಬಹುದು. ಆದರೆ ನಮ್ಮ ಕಟ್ಟಡದಲ್ಲಿ ಹಿರಿಯರೊಬ್ಬರಿಗೆ ನಡುರಾತ್ರಿ ಎದೆನೋವು ಬಂದಾಗ ಹೀಗೇ ಆಯಿತು. ಎದುರು ಮನೆಯವರ ಗಾಡಿ ಇದ್ದದ್ದಕ್ಕೆ ಸಮಯಕ್ಕೆ ಆಸ್ಪತ್ರೆ ಮುಟ್ಟಿದರು.

2020ರ ಲಾಕ್‌ಡೌನ್‌ನಲ್ಲಿ ವಾರಗಟ್ಟಲೆ ನಿಂತ ಗಾಡಿಗಳ ಪಾಡು ನಿಮಗೆ ನೆನಪಿರಬಹುದು. ಗಾಡಿ ಓಡದಿದ್ದರೆ ಬ್ಯಾಟರಿ ಯಾಕೆ ಖಾಲಿಯಾಗಬೇಕು ಎಂದು ಆಗ ಅನೇಕರು ಕೇಳುತ್ತಿದ್ದರು. ಕೀಲಿ ತೆಗೆದರೂ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ, ಅಲಾರಂ, ರಿಮೋಟ್ ಲಾಕ್, ಕಂಪ್ಯೂಟರ್ ಎಲ್ಲವೂ ಚೂರುಚೂರು ಕರೆಂಟು ಕುಡಿಯುತ್ತಲೇ ಇರುತ್ತವೆ. ಒಟ್ಟು 30 ಮಿಲಿಆಂಪಿಯರ್ ಎಂದುಕೊಳ್ಳಿ. ದಿನಕ್ಕೆ ಸುಮಾರು 0.7 ಆಂಪಿಯರ್-ಅವರ್, ತಿಂಗಳಿಗೆ 21ರ ಮೇಲೆ. ಸಣ್ಣ ಕಾರಿನ ಬ್ಯಾಟರಿಯಲ್ಲಿ ಇರುವುದೇ 35ರ ಆಸುಪಾಸು! ಇದರ ಮೇಲೆ ಬ್ಯಾಟರಿ ತಾನಾಗಿಯೇ ಇಳಿಯುವುದೂ ಇದೆ, ಸೆಕೆಯಲ್ಲಿ ಇನ್ನೂ ಬೇಗ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ.

ವಾಚ್‌ಮನ್ ಕೈಗೆ ಕೀಲಿ ಕೊಟ್ಟು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಸುವವರಿದ್ದಾರೆ. ಅಷ್ಟರಿಂದ ತುಂಬುವುದು ಅಷ್ಟಕ್ಕಷ್ಟೆ, ಪೆಟ್ರೋಲು ಮಾತ್ರ ಖರ್ಚು. ಅದಕ್ಕಿಂತ ಡ್ಯಾಶ್‌ಬೋರ್ಡ್ ಮೇಲಿಡುವ ಸಣ್ಣ ಸೋಲಾರ್ ಪ್ಯಾನೆಲ್ ವಾಸಿ. ಒಂದು ಮಾತು ಮೊದಲೇ ತಿಳಿದಿರಲಿ: ಸತ್ತ ಬ್ಯಾಟರಿಯನ್ನು ಇದು ಬದುಕಿಸುವುದಿಲ್ಲ, ತುಂಬಿದ್ದನ್ನು ತುಂಬಿದಂತೆ ಇಡುತ್ತದೆ, ಅಷ್ಟೆ. ಗಾಡಿ ಕೆಲವು ಗಂಟೆ ನಿಂತ ಮೇಲೆ ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್ ತೋರಿಸಬೇಕು. 12.4ಕ್ಕಿಂತ ಕಡಿಮೆಯಿದ್ದರೆ ಮೊದಲು ಗ್ಯಾರೇಜಿನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ.

ಹಾಗಾದರೆ ಎಷ್ಟು ವಾಟ್‌ನದು? ಅಗ್ಗವೆಂದು 5 ವಾಟ್‌ನದು ತಂದು ನಿರಾಶರಾಗುವವರೇ ಹೆಚ್ಚು. ನೆತ್ತಿಯ ಬಿಸಿಲಿನಲ್ಲಿ 10 ವಾಟ್ ಪ್ಯಾನೆಲ್ ಕೊಡುವುದು ಅರ್ಧ ಆಂಪಿಯರ್‌ಗೆ ತುಸು ಹೆಚ್ಚು. ದಿನವಿಡೀ ಬೀಳುವ ಬಿಸಿಲನ್ನು ನಾಲ್ಕು ಗಂಟೆಯ ಪೂರ್ಣ ಬಿಸಿಲಿಗೆ ಸಮ ಎಂದು ಹಿಡಿದರೆ ಸುಮಾರು 2 ಆಂಪಿಯರ್-ಅವರ್ ಬಂತು. ಆದರೆ ಮುಂದಿನ ಗಾಜು ಬೆಳಕನ್ನು ತಡೆಯುತ್ತದೆ, ಕಾದ ಡ್ಯಾಶ್‌ಬೋರ್ಡ್ ಮೇಲೆ ಪ್ಯಾನೆಲ್ ಸೊರಗುತ್ತದೆ, ಮಧ್ಯಾಹ್ನ ಪಕ್ಕದ ಕಟ್ಟಡದ ನೆರಳು ಬೇರೆ. ಅರ್ಧ ಕಳೆದುಬಿಡಿ. ಉಳಿದ 1 ಆಂಪಿಯರ್-ಅವರ್ ನಮ್ಮ 0.7ಕ್ಕೆ ಸಾಕು. 5 ವಾಟ್‌ನದಾದರೆ ಇದರಲ್ಲೂ ಅರ್ಧ, ಅಂದರೆ ನಷ್ಟದಲ್ಲೇ ವ್ಯಾಪಾರ. ಜೂನ್‌ನಿಂದ ಮೋಡ ಕವಿದರೆ 10 ವಾಟ್‌ನದೂ ಏದುಸಿರು ಬಿಡುತ್ತದೆ.

12 ವೋಲ್ಟ್ ಎಂದು ಬರೆದಿದ್ದರೂ ಬಿಸಿಲಿನಲ್ಲಿ ಪ್ಯಾನೆಲ್‌ನ ವೋಲ್ಟೇಜ್ 20 ದಾಟಬಹುದು. ಆದ್ದರಿಂದ ನಡುವೆ ಚಾರ್ಜ್ ಕಂಟ್ರೋಲರ್ ಇರಲಿ. ಬ್ಯಾಟರಿ ತುಂಬಿದ ಮೇಲೆ ಅದು ವೋಲ್ಟೇಜನ್ನು 13.6ರ ಸುತ್ತ ಹಿಡಿದಿಡುತ್ತದೆ, ರಾತ್ರಿ ಕರೆಂಟು ಹಿಂದಕ್ಕೆ ಹರಿಯದಂತೆಯೂ ತಡೆಯುತ್ತದೆ. ಸ್ಕೂಟರ್‌ಗಂತೂ ಇದು ಬೇಕೇ ಬೇಕು. ಅದರ ಪುಟ್ಟ ಬ್ಯಾಟರಿ ಅತಿಯಾಗಿ ಚಾರ್ಜ್ ಆದರೆ ಬೇಗ ಕೆಡುತ್ತದೆ.

ಎಲ್ಲ ಸರಿಯಿದ್ದೂ ಚಾರ್ಜ್ ಆಗಲಿಲ್ಲ ಎಂಬ ದೂರಿಗೆ ಬಹಳ ಸಲ ಕಾರಣ ಸಿಗರೇಟ್ ಲೈಟರ್ ಸಾಕೆಟ್. ಪ್ಯಾನೆಲ್‌ನ ವೈರನ್ನು ಅದಕ್ಕೇ ಚುಚ್ಚುತ್ತೇವೆ, ಆದರೆ ಹಲವು ಕಾರುಗಳಲ್ಲಿ ಕೀಲಿ ತೆಗೆದೊಡನೆ ಆ ಸಾಕೆಟ್‌ನ ಸಂಪರ್ಕ ಕಡಿದುಹೋಗುತ್ತದೆ. ಕೀಲಿ ತೆಗೆದು, ಮೊಬೈಲ್ ಚಾರ್ಜರ್ ಹಾಕಿ, ಅರ್ಧ ಗಂಟೆ ಬಿಟ್ಟು ನೋಡಿ. ಕೆಲವು ಗಾಡಿಗಳಲ್ಲಿ ಸಾಕೆಟ್ ತಡವಾಗಿ ಆರುತ್ತದೆ. ಆರಿತೆಂದರೆ ನೇರ ಬ್ಯಾಟರಿಗೇ ಜೋಡಿಸಬೇಕು, ಪ್ಲಸ್ ತುದಿಯ ಹತ್ತಿರ ಫ್ಯೂಸ್ ಹಾಕಿ. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ನಂತರ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಕೈ ಅಳುಕಿದರೆ ಎಲೆಕ್ಟ್ರಿಷಿಯನ್ನರಿಂದ ಮಾಡಿಸಿಕೊಳ್ಳಿ.

ಬೇಸ್‌ಮೆಂಟ್ ಪಾರ್ಕಿಂಗ್‌ನವರಿಗೆ ಇದ್ಯಾವುದೂ ನಡೆಯದು, ಪಾಪ. ಊರಿಗೆ ಹೊರಡುವ ಮುನ್ನ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಸಿಡಬಹುದು. ಆದರೆ ಮೊದಲು ಗಾಡಿಯ ಕೈಪಿಡಿ ನೋಡಿ, ಸ್ಟೀರಿಯೋದ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ. ಮತ್ತೆ ಜೋಡಿಸಿದಾಗ ಗಡಿಯಾರ ತಪ್ಪಿರುತ್ತದೆ, ರೇಡಿಯೋದಲ್ಲಿ ನಮ್ಮ ಸ್ಟೇಷನ್ನನ್ನೂ ಹೊಸದಾಗಿ ಹುಡುಕಬೇಕಾದೀತು!