ಚಾಕೊಲೇಟ್ ಚಿಪ್ ಕುಕಿಯ ಕಥೆ

ಹೆಸರಾದ ಸಂಗತಿಗಳೆಲ್ಲ ಆಕಸ್ಮಿಕವಾಗಿ ಆದುವೆಂದು ಹೇಳಿದರೆ ಕೇಳುವವರಿಗೆ ಬಲು ಸೊಗಸು. ಅಂಥದೊಂದು ಕಥೆಯನ್ನು ನಾನೂ ಬಹುಕಾಲ ತರಗತಿಯಲ್ಲಿ ಹೇಳುತ್ತಿದ್ದೆ. ಅಮೆರಿಕದ ಗೃಹಿಣಿಯೊಬ್ಬಳು ಕುಕಿ ಎಂಬ ತಿನಿಸನ್ನು ಮಾಡಹೊರಟಳಂತೆ. ಕರಗಿಸಿ ಬೆರೆಸುವ ಚಾಕೊಲೇಟು ಮುಗಿದುಹೋಗಿತ್ತಂತೆ. ಕೈಗೆ ಸಿಕ್ಕ ಬೇರೊಂದು ಚಾಕೊಲೇಟನ್ನು ಚೂರುಮಾಡಿ ಹಿಟ್ಟಿಗೆ ಹಾಕಿದಳಂತೆ. ಚೂರುಗಳು ಬೆರೆಯದೆ ಹಾಗೆಯೇ ಉಳಿದು ಲೋಕಕ್ಕೆ ಹೊಸ ರುಚಿ ದೊರೆಯಿತಂತೆ! ಒಂದು ದಿನ ಹುಡುಗಿಯೊಬ್ಬಳು ಎದ್ದು, “ಆಕೆಗೆ ಅಡಿಗೆ ಬರುತ್ತಿರಲಿಲ್ಲವೇ ಸಾರ್?” ಎಂದು ಕೇಳಿದಳು. ಉತ್ತರವನ್ನು ಹುಡುಕಹೋಗಿ ನಾನೇ ಪಾಠ ಕಲಿತೆ.

ಆಕೆಯ ಹೆಸರು ರೂತ್ ಗ್ರೇವ್ಸ್ ವೇಕ್‌ಫೀಲ್ಡ್. ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಾಪಕರ ಶಿಕ್ಷಣಶಾಲೆಯಲ್ಲಿ ಗೃಹವಿಜ್ಞಾನವನ್ನು ಓದಿ ೧೯೨೪ರಲ್ಲಿ ತೇರ್ಗಡೆಯಾದವರು. ಪ್ರೌಢಶಾಲೆಯಲ್ಲಿ ಅದನ್ನೇ ಕಲಿಸಿದವರು. ೧೯೩೦ರಲ್ಲಿ ಪತಿ ಕೆನೆತ್ ಅವರೊಡನೆ ವಿಟ್‌ಮನ್ ಎಂಬ ಊರಿನಲ್ಲಿ ಒಂದು ಭೋಜನಗೃಹವನ್ನು ತೆರೆದರು. ಅದರ ಹೆಸರು ‘ಟೋಲ್ ಹೌಸ್’, ಎಂದರೆ ಸುಂಕದ ಕಟ್ಟೆ. ಅಲ್ಲಿ ಐಸ್‌ಕ್ರೀಮಿನ ಜೊತೆಗೆ ತೆಳ್ಳನೆಯ ಕುಕಿಯೊಂದನ್ನು ಬಡಿಸುತ್ತಿದ್ದರು. ಬಂದವರಿಗೆ ಬೇರೇನಾದರೂ ಹೊಸದನ್ನು ಕೊಡಬೇಕೆಂದು ತಾವೇ ಯೋಚಿಸಿ ಇದನ್ನು ಮಾಡಿದುದಾಗಿ ಆಕೆ ಮುಂದೆ ಹೇಳಿದ್ದಾರೆ.

‘ಕುಕಿ’ ಎಂಬುದು ಡಚ್ ಭಾಷೆಯಿಂದ ಬಂದ ಮಾತು. ಪುಟ್ಟ ಕೇಕು ಎಂದು ಅರ್ಥ. ‘ಬಿಸ್ಕತ್ತು’ ಎಂದರೆ ಎರಡು ಸಲ ಬೆಂದದ್ದು. ಇದರ ಅಂಚು ಬಿಸ್ಕತ್ತಿನಂತೆ ಗರಿಗರಿ, ನಡುಭಾಗ ಕೇಕಿನಂತೆ ಮೆತ್ತಗೆ ಇರಬೇಕೆಂದು ಇಂದು ಬಹುಮಂದಿ ಬಯಸುತ್ತಾರೆ.

ಚೂರುಗಳು ಹರಡಿಹೋಗದಿರುವ ಗುಟ್ಟೇನು? ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆ ಸುಮಾರು ೩೪ ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುತ್ತದೆ. ಒಲೆಯ ಶಾಖ ಸುಮಾರು ೧೯೦ ಡಿಗ್ರಿ. ಬೆಣ್ಣೆಯೇನೋ ಕರಗುತ್ತದೆ, ಆದರೆ ಅದರೊಳಗಿನ ಕೋಕೋ ಮತ್ತು ಸಕ್ಕರೆಯ ಕಣಗಳು ಒತ್ತೊತ್ತಾಗಿರುವುದರಿಂದ, ಯಾರೂ ಕಲಕದಿದ್ದರೆ ಚೂರು ತನ್ನ ಆಕಾರವನ್ನು ಬಿಡುವುದಿಲ್ಲ. ಅಷ್ಟರಲ್ಲಿ ಸುತ್ತಲಿನ ಹಿಟ್ಟೂ ಬೆಂದು ಗಟ್ಟಿಯಾಗುತ್ತದೆ. ನಮ್ಮ ಬಾಯ ಶಾಖವಾದರೋ ಸುಮಾರು ೩೭ ಡಿಗ್ರಿ. ಆದ್ದರಿಂದ ಆರಿದ ಚೂರು ನಾಲಗೆಯ ಮೇಲೆ ಮತ್ತೆ ಕರಗುತ್ತದೆ. ಇದಕ್ಕೆ ಕಾಕಂಬಿಯ ಅಂಶವುಳ್ಳ ಕಂದು ಸಕ್ಕರೆ, ಬೆಣ್ಣೆ, ಒಂದಿಷ್ಟು ಉಪ್ಪು ಸೇರಿದರೆ ರುಚಿಗೆ ಕೊರತೆಯೇನು? ಅಡಿಗೆಯನ್ನು ಪಾಠಹೇಳಿದಾಕೆ ಚಾಕೊಲೇಟಿನ ಈ ಗುಣವನ್ನು ಅರಿಯದೆ ಹಿಟ್ಟಿಗೆ ಹಾಕಿದಳೆಂದರೆ ನಂಬುವುದು ಹೇಗೆ?

೧೯೩೮ರಲ್ಲಿ ಆಕೆಯ ಪಾಕಪುಸ್ತಕದ ಆವೃತ್ತಿಯಲ್ಲಿ ಈ ಕುಕಿ ಅಚ್ಚಾಯಿತು. ಬಾನುಲಿಯ ಶ್ರೋತೃಗಳಾದ ನಿಮಗೆ ಒಂದು ಮಾತು: ಇದರ ಕೀರ್ತಿ ಹಬ್ಬಲು ಅಲ್ಲಿಯ ಬಾನುಲಿಯೂ ನೆರವಾಯಿತು. ೧೯೩೯ರಲ್ಲಿ ನೆಸ್ಲೆ ಸಂಸ್ಥೆ ಆಕೆಯೊಡನೆ ಒಪ್ಪಂದ ಮಾಡಿಕೊಂಡು, ಪಾಕಕ್ರಮವನ್ನು ತನ್ನ ಚಾಕೊಲೇಟ್ ಪೊಟ್ಟಣದ ಮೇಲೆ ಮುದ್ರಿಸಿತು. ಎರಡನೆಯ ಮಹಾಯುದ್ಧದಲ್ಲಿ ಮನೆಯವರು ಸೈನಿಕರಿಗೆ ಕಳುಹಿಸಿದ ಕಟ್ಟುಗಳಲ್ಲಿ ಕುಕಿ ಕಡಲನ್ನೂ ದಾಟಿತು.

ರೂತ್ ೧೯೭೭ರಲ್ಲಿ ತೀರಿಕೊಂಡರು. ಆ ಭೋಜನಗೃಹ ೧೯೮೪ರ ಕೊನೆಯ ದಿನ ಬೆಂಕಿಗೆ ಆಹುತಿಯಾಯಿತು. ೧೯೯೭ರಲ್ಲಿ ಶಾಲಾಮಕ್ಕಳ ಸಲಹೆಯಂತೆ ಮ್ಯಾಸಚೂಸೆಟ್ಸ್ ಇದನ್ನು ತನ್ನ ಅಧಿಕೃತ ಕುಕಿಯೆಂದು ಸಾರಿತು.

ಅದೃಷ್ಟದ ಕಥೆಗೆ ರುಚಿ ಹೆಚ್ಚು, ನಿಜ. ಆದರೆ ಅದನ್ನು ಹೇಳಿದಷ್ಟು ಸಲವೂ ತಿಳಿದು ಮಾಡಿದವರ ವಿದ್ಯೆಯನ್ನು ಅಲ್ಲಗಳೆದಂತಾಗುತ್ತದೆ. ಹೆಂಗಸರ ಅಡಿಗೆಮನೆಯ ಜಾಣ್ಮೆಗಂತೂ ಈ ಗತಿ ಬಹಳ ಬೇಗ ಒದಗುತ್ತದೆ. ಈಗ ನಾನು ಈ ಕಥೆಯನ್ನು ಆ ಹುಡುಗಿಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.